ಬಳಕೆದಾರರನ್ನು ಅರಿಯುವ ಬಗೆ: ಬಳಕೆದಾರ ಅನುಭವ ಸಂಶೋಧನೆಯ ವಿಧಾನಗಳು ಮತ್ತು ಕನ್ನಡದ ಸಂದರ್ಭ

1. ಪ್ರವೇಶ

ಪ್ರತಿಯೊಂದು ಸಾಹಿತ್ಯ ಕೃತಿಯೂ ತನ್ನೊಳಗೇ ಒಬ್ಬ ಓದುಗನನ್ನು ಕಲ್ಪಿಸಿಕೊಂಡಿರುತ್ತದೆ ಎಂಬುದು ಓದುಗ ಕೇಂದ್ರಿತ ವಿಮರ್ಶೆಯ ಮೂಲ ಗ್ರಹಿಕೆಗಳಲ್ಲಿ ಒಂದು. ಜರ್ಮನಿಯ ವುಲ್ಫ್‌ಗಾಂಗ್ ಈಸರ್ 1970ರ ದಶಕದಲ್ಲಿ ಇದನ್ನು 'ಸೂಚಿತ ಓದುಗ' ಎಂಬ ಪರಿಕಲ್ಪನೆಯಾಗಿ ರೂಪಿಸಿದರು. ಭಾರತೀಯ ಕಾವ್ಯಮೀಮಾಂಸೆಯ 'ಸಹೃದಯ'ನೂ ಒಂದು ಅರ್ಥದಲ್ಲಿ ಕಾವ್ಯವು ತಾನೇ ಬಯಸಿ ಕಟ್ಟಿಕೊಂಡ ಓದುಗನೇ ಆಗಿದ್ದಾನೆ. ಕೃತಿ ಕಲ್ಪಿಸಿಕೊಂಡ ಓದುಗನಿಗೂ ಕೃತಿಯನ್ನು ಕೈಗೆತ್ತಿಕೊಂಡ ನಿಜವಾದ ಓದುಗನಿಗೂ ನಡುವೆ ಇರುವ ಅಂತರ ಸಾಹಿತ್ಯ ವಿದ್ಯಾರ್ಥಿಗಳಿಗೆ ಹೊಸದಲ್ಲ.

ಇದೇ ಮಾತನ್ನು ನಾವು ನಿತ್ಯ ಬಳಸುವ ಉಪಕರಣಗಳಿಗೂ ವಿಸ್ತರಿಸಬಹುದು. ಕನ್ನಡದ ಕೀಲಿಮಣೆಯನ್ನೇ ಗಮನಿಸಿ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಕನ್ನಡದ ಅಕ್ಷರಗಳು ಬಹುಮಟ್ಟಿಗೆ ತಮಗೆ ಸಮೀಪದ ಧ್ವನಿಯುಳ್ಳ ಇಂಗ್ಲಿಷ್ ಅಕ್ಷರಗಳ ಕೀಲಿಯ ಮೇಲೆ ಕೂತಿವೆ. ಭಾರತೀಯ ಭಾಷೆಗಳಿಗೆಲ್ಲ ಸಮಾನವಾಗಿ ರೂಪುಗೊಂಡ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ ಹಂಚಿಕೆಯಾಗಿವೆ. ಅಲ್ಪಪ್ರಾಣ ಮತ್ತು ಮಹಾಪ್ರಾಣಗಳು ಒಂದೇ ಕೀಲಿಯಲ್ಲಿ ಜೋಡಿಯಾಗಿವೆ. ಮೊದಲನೆಯದು ಇಂಗ್ಲಿಷ್ ಕೀಲಿಮಣೆಯನ್ನು ಆಗಲೇ ಬಲ್ಲ ಕನ್ನಡಿಗನನ್ನು ಕಲ್ಪಿಸಿಕೊಳ್ಳುತ್ತದೆ. ಎರಡನೆಯದು ವರ್ಣಮಾಲೆಯ ವ್ಯವಸ್ಥೆಯನ್ನು ಬಲ್ಲ, ಇಂಗ್ಲಿಷಿನ ನೆರವು ಬೇಡದ ಬರಹಗಾರನನ್ನು ಕಲ್ಪಿಸಿಕೊಳ್ಳುತ್ತದೆ. ಇವುಗಳಲ್ಲಿ ಯಾವುದು ಸರಿ ಎಂಬುದು ಇಲ್ಲಿನ ಚರ್ಚೆಯಲ್ಲ. ಯಾವ ವಿನ್ಯಾಸವೂ ಬಳಕೆದಾರರ ಒಂದು ಚಿತ್ರವಿಲ್ಲದೆ ಹುಟ್ಟುವುದಿಲ್ಲ ಎಂಬುದಷ್ಟೇ ಮುಖ್ಯ.

ವಿನ್ಯಾಸವು ಊಹಿಸಿಕೊಂಡ ಬಳಕೆದಾರರನ್ನು ನಿಜವಾದ ಬಳಕೆದಾರರ ಪಕ್ಕದಲ್ಲಿಟ್ಟು ನೋಡುವ ಕೆಲಸವನ್ನು ಇಂದು 'ಬಳಕೆದಾರ ಅನುಭವ ಸಂಶೋಧನೆ' ಎಂದು ಕರೆಯಲಾಗುತ್ತದೆ. ಬ್ಯಾಂಕುಗಳು, ಆಸ್ಪತ್ರೆಗಳು, ಸರ್ಕಾರಿ ಇಲಾಖೆಗಳು ತಮ್ಮ ಸೇವೆಗಳನ್ನು ಮೊಬೈಲ್ ಪರದೆಗೆ ವರ್ಗಾಯಿಸುತ್ತಿರುವ ಈ ಕಾಲದಲ್ಲಿ ಈ ಸಂಶೋಧನೆಯು ನೀಡುವ ತೀರ್ಪು ಕೋಟ್ಯಂತರ ಕನ್ನಡಿಗರ ನಿತ್ಯದ ಬದುಕನ್ನು ಮುಟ್ಟುತ್ತದೆ. ಈ ಸಂಶೋಧನೆಯ ಮುಖ್ಯ ಸಾಮಗ್ರಿ ಜನರ ಮಾತು. ಆದ್ದರಿಂದ ಇದು ಗಣಕ ವಿಜ್ಞಾನ ವಿಭಾಗಕ್ಕೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಈ ಸಂಶೋಧಕರು ಕೆಲಸ ವಹಿಸಿದವರನ್ನೂ ಬಳಕೆದಾರರನ್ನೂ ಅರಿಯುವ ಬಗೆಯನ್ನು ವಿವರಿಸುವುದು, ಕನ್ನಡದಲ್ಲಿ ನಡೆಯುವ ಇಂತಹ ಅಧ್ಯಯನದಲ್ಲಿ ಭಾಷೆಯ ಪಾತ್ರವೇನೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಹಿನ್ನೆಲೆ

'ಬಳಕೆದಾರ ಅನುಭವ' ಎಂಬ ಪದವನ್ನು ಅಮೆರಿಕದ ಮನೋವಿಜ್ಞಾನಿ ಡೊನಾಲ್ಡ್ ನಾರ್ಮನ್ 1990ರ ದಶಕದ ಆರಂಭದಲ್ಲಿ ಆ್ಯಪಲ್ ಸಂಸ್ಥೆಯಲ್ಲಿದ್ದಾಗ ಪ್ರಚಾರಕ್ಕೆ ತಂದರು. ಆದರೆ ಅದರ ಹಿಂದಿನ ವಿಚಾರ ಇನ್ನೂ ಹಳೆಯದು. 1985ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ ಅವರು ವಿನ್ಯಾಸಕ್ಕೆ ಮೂರು ತತ್ತ್ವಗಳನ್ನು ಹೇಳಿದರು: ಆರಂಭದಿಂದಲೇ ಬಳಕೆದಾರರ ಮೇಲೆ ಮತ್ತು ಅವರ ಕೆಲಸದ ಮೇಲೆ ಗಮನವಿರಬೇಕು, ಬಳಕೆಯನ್ನು ಪ್ರಯೋಗದ ಮೂಲಕ ಅಳೆಯಬೇಕು, ಮಾಡಿ, ಪರೀಕ್ಷಿಸಿ, ಮತ್ತೆ ತಿದ್ದಬೇಕು. ಸ್ಕ್ಯಾಂಡಿನೇವಿಯದಲ್ಲಿ 1981ರಿಂದ ನಡೆದ 'ಯುಟೋಪಿಯ' ಯೋಜನೆಯು ಪತ್ರಿಕಾ ಮುದ್ರಣದ ಕಾರ್ಮಿಕರನ್ನೇ ವಿನ್ಯಾಸದ ಮೇಜಿಗೆ ಕರೆತಂದಿತು. ಹೊಸ ಯಂತ್ರ ಬಂದಾಗ ತಮ್ಮ ಕಸುಬಿನ ಗತಿಯೇನು ಎಂಬ ಕಾರ್ಮಿಕ ಸಂಘಗಳ ಪ್ರಶ್ನೆ ಅದರ ಹಿಂದೆ ಇತ್ತು.

ಈ ಚರಿತ್ರೆಯಲ್ಲಿ ನಮಗೆ ಹೆಚ್ಚು ಹತ್ತಿರದವರು ಲೂಸಿ ಸುಚ್‌ಮನ್. ಮಾನವಶಾಸ್ತ್ರದಲ್ಲಿ ತರಬೇತಿ ಪಡೆದ ಅವರು ಝೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ, ತನ್ನ ಬಳಕೆಯ ಕ್ರಮವನ್ನು ತಾನೇ ಹಂತಹಂತವಾಗಿ ಸೂಚಿಸುತ್ತಿದ್ದ ಒಂದು ನಕಲು ಯಂತ್ರವನ್ನು ಅಧ್ಯಯನಕ್ಕೆ ತೆಗೆದುಕೊಂಡರು. ಯಂತ್ರವನ್ನು ಮೊದಲ ಬಾರಿ ಬಳಸುವವರನ್ನು ಇಬ್ಬಿಬ್ಬರಾಗಿ ಅದರ ಮುಂದೆ ನಿಲ್ಲಿಸಿ, ಅವರ ಮಾತು ಮತ್ತು ಕ್ರಿಯೆಗಳನ್ನು ಚಿತ್ರೀಕರಿಸಿದರು. ಇಬ್ಬರಿದ್ದುದರಿಂದ ಅವರ ಆಲೋಚನೆ ಸಹಜವಾಗಿಯೇ ಮಾತಾಗಿ ಹೊರಬಂದಿತು. ಒತ್ತಿದ ಗುಂಡಿ, ತೆರೆದ ಮುಚ್ಚಳ ಮುಂತಾದ ಕೆಲವೇ ಕ್ರಿಯೆಗಳು ಯಂತ್ರಕ್ಕೆ ತಿಳಿಯುತ್ತಿದ್ದವು. ಅವರ ಗೊಂದಲ, ತರ್ಕ, ಪರಸ್ಪರ ಸಮಾಲೋಚನೆ ಯಾವುದೂ ಅದಕ್ಕೆ ಕೇಳಿಸುತ್ತಿರಲಿಲ್ಲ. 1987ರಲ್ಲಿ ಗ್ರಂಥರೂಪದಲ್ಲಿ ಬಂದ ಈ ಅಧ್ಯಯನದ ತಿರುಳು ಇಷ್ಟು: ಮನುಷ್ಯರು ಮೊದಲೇ ಹಾಕಿಕೊಂಡ ಯೋಜನೆಯನ್ನು ಸಾಲಾಗಿ ಜಾರಿಗೊಳಿಸುವವರಲ್ಲ, ಅವರ ಕ್ರಿಯೆ ಆಯಾ ಸನ್ನಿವೇಶದೊಳಗೆ ರೂಪುಗೊಳ್ಳುತ್ತದೆ.

ನಮ್ಮ ಜಾನಪದ ಅಧ್ಯಯನವೂ ಇಂತಹದೇ ಒಂದು ತಿರುವನ್ನು ಕಂಡಿದೆ. ಹಾಡಿನ, ಕತೆಯ ಪಠ್ಯವನ್ನು ಸಂಗ್ರಹಿಸಿದರೆ ಸಾಕೆಂಬ ನಿಲುವಿನಿಂದ, ಯಾರು, ಯಾರ ಮುಂದೆ, ಯಾವ ಸಂದರ್ಭದಲ್ಲಿ ಹಾಡುತ್ತಾರೆ ಎಂಬುದನ್ನು ಬಿಟ್ಟು ಪಠ್ಯಕ್ಕೆ ಅರ್ಥವಿಲ್ಲವೆಂಬ ನಿಲುವಿಗೆ ಜಾನಪದವು ಹೊರಳಿತು. ಡಾನ್ ಬೆನ್-ಆಮೋಸ್ 1971ರಲ್ಲಿ ಜಾನಪದವನ್ನು ಸಂದರ್ಭದೊಳಗಿಟ್ಟು ನೀಡಿದ ವ್ಯಾಖ್ಯೆ ನಮ್ಮ ತರಗತಿಗಳಲ್ಲಿ ಚರ್ಚಿತವಾದುದೇ ಆಗಿದೆ. ಎರಡು ಬೇರೆ ಬೇರೆ ಕ್ಷೇತ್ರಗಳು ಒಂದೇ ತಿಳಿವಳಿಕೆಯ ಕಡೆಗೆ ಸಾಗಿಬಂದುದು ಗಮನಾರ್ಹ.

3. ಕೆಲಸ ವಹಿಸಿದವರನ್ನು ಅರಿಯುವುದು

ಬಳಕೆದಾರ ಅನುಭವ ಸಂಶೋಧಕರು ಸ್ವಂತ ಕುತೂಹಲದಿಂದ ಕ್ಷೇತ್ರಕ್ಕೆ ಇಳಿಯುವುದು ಅಪರೂಪ. ಒಂದು ಸಂಸ್ಥೆ ಅವರಿಗೆ ಕೆಲಸ ವಹಿಸಿರುತ್ತದೆ. ಆ ವಲಯದಲ್ಲಿ 'ಕ್ಲೈಂಟ್' ಎಂದು ಕರೆಯುವ ಈ ಪಕ್ಷಕ್ಕೆ ಕನ್ನಡದಲ್ಲಿ ಒಪ್ಪುವ ಒಂದೇ ಪದವಿಲ್ಲ. 'ಕಕ್ಷಿದಾರ' ಎಂದರೆ ನ್ಯಾಯಾಲಯ ನೆನಪಾಗುತ್ತದೆ. 'ಗ್ರಾಹಕ' ಎಂದರೆ ಬಳಕೆದಾರನೊಡನೆ ಗೊಂದಲವಾಗುತ್ತದೆ. ಹಣ ಕೊಡುವವರು ಒಬ್ಬರು, ಬಳಸುವವರು ಇನ್ನೊಬ್ಬರು ಎಂಬುದು ಈ ವೃತ್ತಿಯ ಮೂಲಭೂತ ಸಂಗತಿಯಾದುದರಿಂದ ಈ ಗೊಂದಲವನ್ನು ದೂರವಿಡುವುದು ಅಗತ್ಯ. ಇಲ್ಲಿ 'ಕ್ಲೈಂಟ್' ಎಂಬ ಪದವನ್ನೇ ಉಳಿಸಿಕೊಳ್ಳಲಾಗಿದೆ.

ಕ್ಲೈಂಟ್ ತರುವ ಪ್ರಶ್ನೆ ಬಹುಮಟ್ಟಿಗೆ ಪ್ರಶ್ನೆಯ ವೇಷದಲ್ಲಿರುವ ಉತ್ತರವಾಗಿರುತ್ತದೆ. ಒಂದು ಸಹಕಾರಿ ಬ್ಯಾಂಕು ತನ್ನ ಮೊಬೈಲ್ ಆ್ಯಪನ್ನು ಹಳ್ಳಿಯ ಸದಸ್ಯರು ಬಳಸುತ್ತಿಲ್ಲವೆಂದು ಕಂಡುಕೊಂಡು, 'ಎಂತಹ ತರಬೇತಿ ವಿಡಿಯೊ ಮಾಡಿಸಬೇಕು?' ಎಂದು ಕೇಳುತ್ತದೆ ಎಂದು ಭಾವಿಸೋಣ. ಬಳಕೆದಾರರಿಗೆ ತಿಳಿವಳಿಕೆಯ ಕೊರತೆಯಿದೆ ಎಂಬ ನಿರ್ಣಯ ಆ ಪ್ರಶ್ನೆಯೊಳಗೇ ಅಡಗಿದೆ. ಸದಸ್ಯರ ಮೊಬೈಲ್ ಸಂಖ್ಯೆ ಖಾತೆಗೆ ಜೋಡಣೆಯಾಗಿಲ್ಲದಿರಬಹುದು, ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುತ್ತಿರಬಹುದು, ಕಾಗದದ ರಸೀದಿ ಇಲ್ಲದ ವ್ಯವಹಾರವನ್ನು ಅವರು ನಂಬದಿರಬಹುದು. ಈ ಸಾಧ್ಯತೆಗಳು ಆ ಪ್ರಶ್ನೆಯಲ್ಲಿ ಇಲ್ಲ.

ಆದ್ದರಿಂದ ಅನುಭವಿ ಸಂಶೋಧಕರು ಕ್ಷೇತ್ರಕ್ಕೆ ಹೋಗುವ ಮೊದಲು ಕ್ಲೈಂಟ್ ಸಂಸ್ಥೆಯೊಳಗೇ ಸಂದರ್ಶನ ನಡೆಸುತ್ತಾರೆ. ಅಲ್ಲಿ ಅವರು ಮುಖ್ಯವಾಗಿ ನಾಲ್ಕು ಸಂಗತಿಗಳನ್ನು ಹುಡುಕುತ್ತಾರೆ. ಮೊದಲನೆಯದು, ಈ ಅಧ್ಯಯನದ ಫಲಿತಾಂಶ ಬಂದ ಮೇಲೆ ಯಾವ ತೀರ್ಮಾನ ಬದಲಾಗಬಲ್ಲದು ಎಂಬುದು. ಏನೇ ಕಂಡುಬಂದರೂ ಮಾಡುವುದು ಮೊದಲೇ ಗೊತ್ತಾಗಿದ್ದರೆ ಆ ಅಧ್ಯಯನ ಕೇವಲ ಅಲಂಕಾರ. ಎರಡನೆಯದು, ಬಳಕೆದಾರರ ಬಗ್ಗೆ ಸಂಸ್ಥೆ ಆಗಲೇ ನಂಬಿರುವ ಸಂಗತಿಗಳು. ಅವುಗಳಲ್ಲಿ ನೋಡಿ ತಿಳಿದವು ಯಾವುವು, ಬರಿಯ ಊಹೆ ಯಾವುವು ಎಂದು ಬೇರ್ಪಡಿಸಿ ಬರೆದಿಡಬೇಕಾಗುತ್ತದೆ. ಮೂರನೆಯದು, ಸಂಸ್ಥೆಯೊಳಗಿನ ಭಿನ್ನ ದನಿಗಳು. ಆಡಳಿತದವರು, ತಂತ್ರಜ್ಞರು, ಮಾರಾಟ ವಿಭಾಗದವರು ಒಂದೇ ಬಳಕೆದಾರನನ್ನು ಬೇರೆ ಬೇರೆಯಾಗಿ ವರ್ಣಿಸುತ್ತಾರೆ. ಕೌಂಟರಿನಲ್ಲಿ ಕೂತ ಗುಮಾಸ್ತರಿಗೆ ಮತ್ತು ದೂರವಾಣಿಯಲ್ಲಿ ದೂರು ಕೇಳುವವರಿಗೆ ಮೇಲಿನವರಿಗೆ ತಿಳಿಯದ ಎಷ್ಟೋ ಸಂಗತಿ ತಿಳಿದಿರುತ್ತದೆ. ಅವರನ್ನು ಕೇಳುವವರು ಮಾತ್ರ ಕಡಿಮೆ. ನಾಲ್ಕನೆಯದು, ಸಂಸ್ಥೆಯ ಪರಿಭಾಷೆ. 'ಫಲಾನುಭವಿ' ಎಂಬ ಒಂದು ಪದದೊಳಗೆ ವಿಧವೆ, ರೈತ, ವಿದ್ಯಾರ್ಥಿ ಎಲ್ಲರೂ ಕರಗಿಹೋಗುವ ಬಗೆಯನ್ನು ಗಮನಿಸಿದರೆ ಸಂಸ್ಥೆಗೆ ಯಾರು ಕಾಣುತ್ತಾರೆ, ಯಾರು ಕಾಣುವುದಿಲ್ಲ ಎಂಬುದು ತಿಳಿಯುತ್ತದೆ.

4. ಬಳಕೆದಾರರನ್ನು ಅರಿಯುವುದು

ಬಳಕೆದಾರರನ್ನು ಅರಿಯುವ ವಿಧಾನಗಳಲ್ಲಿ ಹೆಚ್ಚು ಪ್ರಭಾವ ಬೀರಿದುದು ಹ್ಯೂ ಬೇಯರ್ ಮತ್ತು ಕ್ಯಾರೆನ್ ಹೋಲ್ಟ್ಸ್‌ಬ್ಲಾಟ್ ಅವರು 1998ರ ತಮ್ಮ ಗ್ರಂಥದಲ್ಲಿ ವಿವರಿಸಿದ ಸಂದರ್ಭಾಧಾರಿತ ವಿಚಾರಣೆ. ಅವರು ಸಂಶೋಧಕ ಮತ್ತು ಬಳಕೆದಾರರ ಸಂಬಂಧವನ್ನು ಕಸುಬಿನ ಗುರು ಮತ್ತು ಶಿಷ್ಯರ ಸಂಬಂಧಕ್ಕೆ ಹೋಲಿಸುತ್ತಾರೆ. ಕುಶಲಕರ್ಮಿಯ ಬಳಿ ಕಲಿಯಲು ಬಂದ ಹುಡುಗನು 'ನಿಮ್ಮ ಕಸುಬಿನ ತತ್ತ್ವವೇನು?' ಎಂದು ಕೇಳುವುದಿಲ್ಲ. ಪಕ್ಕದಲ್ಲಿ ಕೂತು ಕೆಲಸವನ್ನು ನೋಡುತ್ತಾನೆ, ತಿಳಿಯದೆಡೆ ಕೇಳುತ್ತಾನೆ. ಇಲ್ಲಿ ಬಲ್ಲವರು ಬಳಕೆದಾರರು. ಕಲಿಯಲು ಬಂದವರು ಸಂಶೋಧಕರು. ಈ ಸಂಬಂಧದ ತಿರುವುಮುರುವು ಈ ವಿಧಾನದ ಜೀವಾಳ.

ಇದರಿಂದ ಕೇಳುವ ಪ್ರಶ್ನೆಯ ಸ್ವರೂಪವೂ ಬದಲಾಗುತ್ತದೆ. 'ನೀವು ಸಾಮಾನ್ಯವಾಗಿ ಹೇಗೆ ಹಣ ಕಳಿಸುತ್ತೀರಿ?' ಎಂದು ಕೇಳಿದರೆ ಆದರ್ಶದ ಉತ್ತರ ಬರುತ್ತದೆ. 'ಕಳೆದ ಸಲ ಹಣ ಕಳಿಸಿದ್ದು ಯಾವಾಗ? ಆಗ ಏನೇನಾಯಿತು?' ಎಂದರೆ ನಡೆದ ಸಂಗತಿ ಬರುತ್ತದೆ. 'ಇಂತಹ ಸೌಲಭ್ಯ ಕೊಟ್ಟರೆ ಬಳಸುವಿರಾ?' ಎಂಬ ಪ್ರಶ್ನೆಯನ್ನು ಅನುಭವಿಗಳು ಕೇಳುವುದೇ ಇಲ್ಲ. ಅದಕ್ಕೆ ಬರುವ 'ಹೌದು' ಎಂಬ ಉತ್ತರ ಸೌಜನ್ಯದ್ದೇ ಹೊರತು ಭವಿಷ್ಯದ್ದಲ್ಲ. ಮಾತಿನ ಜೊತೆಗೆ ವಸ್ತುಗಳನ್ನೂ ನೋಡಬೇಕಾಗುತ್ತದೆ. ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟ ಖಾತೆ ಸಂಖ್ಯೆ, ಫೋನಿನ ಹಿಂಬದಿಗೆ ಅಂಟಿಸಿದ ಚೀಟಿ, ಮಗಳ ನೋಟ್‌ಬುಕ್ಕಿನಲ್ಲಿರುವ ಪಾಸ್‌ವರ್ಡ್ ಇವೆಲ್ಲ ವಿನ್ಯಾಸದ ಕೊರತೆಯನ್ನು ಜನ ತಾವೇ ತುಂಬಿಕೊಂಡ ಬಗೆಗೆ ಸಾಕ್ಷಿಗಳು.

ಇನ್ನೊಂದು ವಿಧಾನ, ಕೆಲಸ ಮಾಡುತ್ತಿರುವಾಗಲೇ ಮನಸ್ಸಿಗೆ ಬಂದುದನ್ನು ಬಾಯಿಬಿಟ್ಟು ಹೇಳಿಸುವುದು. ಆಂಡರ್ಸ್ ಎರಿಕ್‌ಸನ್ ಮತ್ತು ಹರ್ಬರ್ಟ್ ಸೈಮನ್ ಅವರು 1980ರ ದಶಕದಲ್ಲಿ ಇದಕ್ಕೆ ಮನೋವೈಜ್ಞಾನಿಕ ಆಧಾರವನ್ನು ಒದಗಿಸಿದರು. ಎಷ್ಟು ಜನರನ್ನು ಪರೀಕ್ಷಿಸಿದರೆ ಸಾಕು ಎಂಬ ಪ್ರಶ್ನೆಗೆ ಜೇಕಬ್ ನೀಲ್ಸನ್ ಕೊಟ್ಟ 'ಐದು ಜನ' ಎಂಬ ಉತ್ತರ ಪ್ರಸಿದ್ಧವಾಗಿದೆ. ಒಬ್ಬ ಬಳಕೆದಾರರಿಂದ ಸರಾಸರಿ ಶೇ. 31ರಷ್ಟು ತೊಡಕುಗಳು ಬಯಲಾಗುತ್ತವೆ ಎಂದು ಇಟ್ಟುಕೊಂಡರೆ ಐವರಿಂದ ಸುಮಾರು ಶೇ. 85ರಷ್ಟು ಬಯಲಾಗುತ್ತವೆ ಎಂಬುದು ಆ ಲೆಕ್ಕ. ಆದರೆ ಈ ಲೆಕ್ಕ ಪರದೆಯ ತೊಡಕುಗಳನ್ನು ಹುಡುಕುವುದಕ್ಕೆ, ಅದೂ ಬಳಕೆದಾರರು ಬಹುಮಟ್ಟಿಗೆ ಒಂದೇ ಬಗೆಯವರಾಗಿದ್ದಾಗ ಅನ್ವಯಿಸುವಂಥದು. ಬೀದರಿನ ರೈತ ಮಹಿಳೆ, ಮಂಗಳೂರಿನ ಮೀನು ವ್ಯಾಪಾರಿ, ಬೆಂಗಳೂರಿನ ವಿದ್ಯಾರ್ಥಿ ಇವರನ್ನೆಲ್ಲ ಐವರ ಒಂದು ಗುಂಪು ಪ್ರತಿನಿಧಿಸಲಾರದು.

ಜಾನಪದ ಕ್ಷೇತ್ರಕಾರ್ಯಕ್ಕೂ ಇದಕ್ಕೂ ಇರುವ ಸಾಮ್ಯದ ಜೊತೆಗೆ ವ್ಯತ್ಯಾಸವನ್ನೂ ಹೇಳಬೇಕು. ಜಾನಪದ ಸಂಶೋಧಕರು ಒಂದು ಊರಿಗೆ ವರ್ಷಗಟ್ಟಲೆ ಹೋಗಿಬರಬಲ್ಲರು; ಇವರಿಗೆ ದೊರೆಯುವುದು ಹೆಚ್ಚಿನ ಸಲ ಕೆಲವು ವಾರ. ಅಲ್ಲಿನ ಫಲ ಜ್ಞಾನ. ಇಲ್ಲಿನ ಫಲ ಒಂದು ತೀರ್ಮಾನ. ಈ ಅವಸರವು ಈ ಕ್ಷೇತ್ರದ ಬಹುಪಾಲು ದೋಷಗಳ ಮೂಲವೂ ಆಗಿದೆ.

5. ಬೆಂಗಳೂರಿನಲ್ಲಿ ನಡೆದ ಮೂರು ಅಧ್ಯಯನಗಳು

ಈ ವಿಧಾನಗಳು ನಮ್ಮ ನೆಲದಲ್ಲಿ ಪರೀಕ್ಷೆಗೆ ಒಳಗಾದಾಗ ಏನಾಯಿತು ಎಂಬುದಕ್ಕೆ ಬೆಂಗಳೂರಿನಲ್ಲಿ ನಡೆದ ಮೂರು ಅಧ್ಯಯನಗಳನ್ನು ನೋಡಬಹುದು. ಈ ಮೂರರಲ್ಲೂ 2005ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಕೇಂದ್ರದ ಸಂಶೋಧಕರು ಭಾಗಿಗಳಾಗಿದ್ದರು.

ಮೊದಲನೆಯದು ಇಂದ್ರಾಣಿ ಮೇಧಿ ಮತ್ತು ಸಂಗಡಿಗರದು. ಓದು ಬರಹ ಬಾರದವರೂ ಬಳಸಬಹುದಾದ, ಅಕ್ಷರಗಳಿಲ್ಲದ ಪರದೆಯೊಂದನ್ನು ಮನೆಗೆಲಸದ ಮಹಿಳೆಯರಿಗೆ ಕೆಲಸ ಹುಡುಕಿಕೊಡುವ ತಂತ್ರಾಂಶಕ್ಕಾಗಿ ಅವರು ರೂಪಿಸಿದರು. 2006ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಅಕ್ಷರ ಬಾರದಿದ್ದವರೂ ಅಂಕಿಗಳನ್ನು ಗುರುತಿಸಬಲ್ಲರು ಎಂಬುದು ತಿಳಿದುಬಂದಿತು. ಆದ್ದರಿಂದ ಅಂಕಿಗಳನ್ನು ಉಳಿಸಿಕೊಳ್ಳಲಾಯಿತು. ತೀರ ಸರಳಗೊಳಿಸಿದ ಸಂಕೇತಗಳಿಗಿಂತ ವಿವರಗಳುಳ್ಳ ರೇಖಾಚಿತ್ರಗಳು ಅವರಿಗೆ ಚೆನ್ನಾಗಿ ಅರ್ಥವಾದವು. ಬರಿಯ ಪಾತ್ರೆಗಳ ಚಿತ್ರ 'ಪಾತ್ರೆ ತೊಳೆಯುವ ಕೆಲಸ' ಎಂಬ ಅರ್ಥವನ್ನು ಕೊಡುತ್ತಿರಲಿಲ್ಲ. ಕ್ರಿಯೆಯನ್ನು ಸೂಚಿಸಲು ನಲ್ಲಿಯಿಂದ ನೀರು ಸುರಿಯುವಂತೆ ತೋರಿಸಬೇಕಾಯಿತು. ಇಷ್ಟಾದರೂ ತೊಡಕು ಮುಗಿಯಲಿಲ್ಲ. ಯಾವ ಗುಂಡಿಯನ್ನು ಒತ್ತಬೇಕೆಂಬುದು ತಿಳಿದ ಮೇಲೂ ಈ ಪೆಟ್ಟಿಗೆಯಿಂದ ತಮಗೇನು ಪ್ರಯೋಜನ, ಅದರೊಳಗೆ ಕೆಲಸದ ಮಾಹಿತಿ ಬರುವುದಾದರೂ ಹೇಗೆ ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ಯಂತ್ರದ ಬಗ್ಗೆ ಭಯವೂ ಅಪನಂಬಿಕೆಯೂ ಇದ್ದವು. ಆಗ ಆ ಮಾಹಿತಿ ಗಣಕದೊಳಕ್ಕೆ ಬರುವ ಬಗೆಯನ್ನು ಕತೆಯಂತೆ ಅಭಿನಯಿಸಿ ತೋರಿಸುವ ವಿಡಿಯೊ ಅಳವಡಿಸಲಾಯಿತು. ಅದರಿಂದ ಬಳಕೆ ಗಣನೀಯವಾಗಿ ಸುಧಾರಿಸಿತು. ಕೊರತೆಯಿದ್ದುದು ಅಕ್ಷರದ್ದು ಮಾತ್ರವಲ್ಲ, ಕಥನದ್ದೂ ಆಗಿತ್ತು.

ಎರಡನೆಯದು 2010ರಲ್ಲಿ ಪ್ರಕಟವಾದ, ನಿತ್ಯಾ ಸಾಂಬಶಿವನ್ ಮತ್ತು ಸಂಗಡಿಗರ ಅಧ್ಯಯನ. ಬೆಂಗಳೂರಿನ ಕೊಳೆಗೇರಿಗಳಲ್ಲಿ ನಡೆದ ಕ್ಷೇತ್ರಕಾರ್ಯವು 'ಒಬ್ಬ ಬಳಕೆದಾರ, ಒಂದು ಯಂತ್ರ' ಎಂಬ ಕಲ್ಪನೆಯನ್ನೇ ಪ್ರಶ್ನಿಸಿತು. ಅಲ್ಲಿ ಬಳಕೆ ನಡೆಯುತ್ತಿದ್ದುದು ಮಧ್ಯವರ್ತಿಗಳ ಮೂಲಕ. ಕೆಲವೊಮ್ಮೆ ಇನ್ನೊಬ್ಬರು ಪೂರ್ತಿಯಾಗಿ ಇವರ ಪರವಾಗಿ ಬಳಸುತ್ತಿದ್ದರು. ಕೆಲವೊಮ್ಮೆ ಇವರು ಪಕ್ಕದಲ್ಲಿದ್ದಂತೆಯೇ ಇನ್ನೊಬ್ಬರು ಯಂತ್ರವನ್ನು ನಡೆಸಿಕೊಡುತ್ತಿದ್ದರು. ಕೆಲವೊಮ್ಮೆ ಇವರೇ ಯಂತ್ರ ಹಿಡಿದಿದ್ದು ಇನ್ನೊಬ್ಬರು ಅದರ ಮಾತನ್ನು ಅರ್ಥ ಮಾಡಿಸುತ್ತಿದ್ದರು. ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ ಇಂತಹದೇ ಒಂದು ಸನ್ನಿವೇಶವನ್ನು ಮೊದಲೇ ಎದುರಿಸಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. 2000ದ ದಶಕದ ಆರಂಭದಲ್ಲಿ ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಪಹಣಿಯ ಗಣಕ ಪ್ರತಿಯನ್ನು ಕೊಡತೊಡಗಿದಾಗ, ಸಿಬ್ಬಂದಿಯ ಪರದೆಯ ಜೊತೆಗೆ ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆಯನ್ನೂ ಇಡಲಾಗಿತ್ತು. ಯಂತ್ರವನ್ನು ಮುಟ್ಟದ ರೈತನೂ ಬಳಕೆದಾರನೇ ಎಂಬ ತಿಳಿವಳಿಕೆ ಆ ಎರಡನೆಯ ಪರದೆಯಲ್ಲಿದೆ.

ಮೂರನೆಯದು ಸಂಶೋಧಕರ ಆತ್ಮವಿಶ್ವಾಸವನ್ನೇ ಅಲುಗಿಸುವಂಥದು. ನಿಕೋಲಾ ಡೆಲ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ಬೆಂಗಳೂರಿನಲ್ಲಿ 450 ಸಂದರ್ಶನಗಳನ್ನು ನಡೆಸಲಾಯಿತು. ಎರಡು ವಸ್ತುಗಳನ್ನು ತೋರಿಸಿ, ಅವುಗಳಲ್ಲಿ ಒಂದು ಸಂದರ್ಶಕರೇ ತಯಾರಿಸಿದ್ದು ಎಂಬ ಭಾವನೆ ಮೂಡುವಂತೆ ಮಾಡಲಾಯಿತು. ಎರಡೂ ಒಂದೇ ಆಗಿದ್ದಾಗಲೂ ಜನ ಸಂದರ್ಶಕರದೆಂದು ತಿಳಿದುದನ್ನು ಮೆಚ್ಚುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಹೆಚ್ಚಾಗಿತ್ತು. ಸಂದರ್ಶಕರು ದುಭಾಷಿಯ ನೆರವು ಬೇಕಾದ ವಿದೇಶಿಯರಾಗಿದ್ದಾಗ ಅದು ಐದು ಪಟ್ಟಿಗೆ ಏರಿತು. ಅವರದೆಂದು ತಿಳಿದ ವಸ್ತುವನ್ನು ಬೇಕೆಂದೇ ಕಳಪೆಯಾಗಿಸಿದಾಗಲೂ ಜನ ಅದನ್ನೇ ಮೆಚ್ಚಿದರು. ಅತಿಥಿಯ ಮನಸ್ಸನ್ನು ನೋಯಿಸಬಾರದೆಂಬ ಸೌಜನ್ಯ, ಎದುರಿಗಿರುವವರ ಸ್ಥಾನಮಾನದ ಪ್ರಜ್ಞೆ ಇವು ಉತ್ತರವನ್ನು ಮೊದಲೇ ರೂಪಿಸಿಬಿಡಬಲ್ಲವು. ಕ್ಷೇತ್ರಕಾರ್ಯ ಮಾಡುವ ನಾವೆಲ್ಲರೂ ಈ ಅಂಕಿಗಳನ್ನು ಎದುರಿಗೆ ಇಟ್ಟುಕೊಳ್ಳುವುದು ಒಳಿತು.

6. ಕನ್ನಡದ ಮಾತು, ಇಂಗ್ಲಿಷಿನ ವರದಿ

ಕರ್ನಾಟಕದಲ್ಲಿ ನಡೆಯುವ ಇಂತಹ ಸಂದರ್ಶನಗಳು ಕನ್ನಡದಲ್ಲಿ ನಡೆದರೂ ಅವುಗಳ ಟಿಪ್ಪಣಿ ಮತ್ತು ವರದಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಸಿದ್ಧವಾಗುತ್ತವೆ. ತೀರ್ಮಾನ ಕೈಗೊಳ್ಳುವವರು ಓದುವುದು ವರದಿಯನ್ನು. ಈ ದಾಟುವಿಕೆಯಲ್ಲಿ ಕಳೆದುಹೋಗುವುದು ಭಾಷೆಯ ಸೊಗಸು ಮಾತ್ರವಲ್ಲ, ಮಾಹಿತಿಯೇ ಕಳೆದುಹೋಗುತ್ತದೆ ಎಂಬುದು ಈ ಲೇಖನದ ಮುಖ್ಯ ವಾದ. ಕೆಲವು ನಿದರ್ಶನಗಳನ್ನು ಪರಿಶೀಲಿಸಬಹುದು.

ಮೊದಲನೆಯದಾಗಿ, ಪ್ರೇರಣಾರ್ಥಕ ಕ್ರಿಯಾರೂಪಗಳು. 'ಅರ್ಜಿ ಹಾಕಿದೆ', 'ಅರ್ಜಿ ಹಾಕಿಸಿದೆ', 'ಅರ್ಜಿ ಹಾಕಿಸಿಕೊಂಡೆ', 'ಅರ್ಜಿ ಹಾಕಿಕೊಟ್ಟರು' ಎಂಬ ನಾಲ್ಕು ಮಾತುಗಳು ನಾಲ್ಕು ಬೇರೆ ಬೇರೆ ಸಾಮಾಜಿಕ ಘಟನೆಗಳು. ಮೊದಲನೆಯದರಲ್ಲಿ ಮಧ್ಯವರ್ತಿಯ ಸುಳಿವಿಲ್ಲ. ಎರಡನೆಯದರಲ್ಲಿ ಇದ್ದಾನೆ. ಮೂರನೆಯದರಲ್ಲಿ ಆತನಿರುವುದರ ಜೊತೆಗೆ ಕೆಲಸದ ಫಲ ಮಾತಾಡುತ್ತಿರುವವರಿಗೇ ಸಂದಿದೆ. ನಾಲ್ಕನೆಯದರಲ್ಲಿ ಒಬ್ಬರ ಉಪಕಾರದ ಸೂಚನೆಯಿದೆ. ಇಂಗ್ಲಿಷಿನ ಟಿಪ್ಪಣಿಯಲ್ಲಿ ಈ ನಾಲ್ಕೂ 'ಬಳಕೆದಾರರು ಅರ್ಜಿ ಸಲ್ಲಿಸಿದರು' ಎಂಬ ಒಂದೇ ವಾಕ್ಯವಾಗಿಬಿಡುವ ಸಂಭವ ಹೆಚ್ಚು. ಮಧ್ಯವರ್ತಿಗಳ ಬಳಕೆಯನ್ನು ಗುರುತಿಸಲು ಪ್ರತ್ಯೇಕ ಅಧ್ಯಯನವೇ ಬೇಕಾಯಿತು. ಕನ್ನಡದ ವ್ಯಾಕರಣ ಅದನ್ನು ಪ್ರತಿ ವಾಕ್ಯದಲ್ಲೂ ದಾಖಲಿಸುತ್ತಿರುತ್ತದೆ. ಸೇವಾ ಕೇಂದ್ರದವನಿಗೆ ಕೊಟ್ಟ ಹಣ, ಕಳೆದುಕೊಂಡ ಒಂದು ದಿನದ ಕೂಲಿ, ಮತ್ತೊಬ್ಬರ ಕೈಗೆ ಒಪ್ಪಿಸಿದ ಆಧಾರ್ ಸಂಖ್ಯೆ ಇವೆಲ್ಲ ಆ 'ಇಸು' ಪ್ರತ್ಯಯದ ಹಿಂದೆ ಇವೆ.

ಎರಡನೆಯದಾಗಿ, ಚತುರ್ಥಿ ವಿಭಕ್ತಿಯ ಅನುಭವಿ. 'ನನಗೆ ಬರಲಿಲ್ಲ' ಎಂದು ಬಳಕೆದಾರರೊಬ್ಬರು ಹೇಳಿದರೆ ಅದಕ್ಕೆ ಎರಡು ಅರ್ಥಗಳು ಸಾಧ್ಯ: ಆ ಕೆಲಸ ತನ್ನಿಂದ ಆಗಲಿಲ್ಲ ಎಂಬುದು ಒಂದು, ಬರಬೇಕಾದ ಒಟಿಪಿ ತನ್ನ ಫೋನಿಗೆ ಬರಲಿಲ್ಲ ಎಂಬುದು ಇನ್ನೊಂದು. 'ಗೊತ್ತಾಗಲಿಲ್ಲ' ಎಂಬುದೂ ಹೀಗೆಯೇ. ಅರ್ಥವಾಗಲಿಲ್ಲ ಎಂದೂ ಆಗಬಹುದು, ಕಣ್ಣಿಗೆ ಬೀಳಲಿಲ್ಲ ಎಂದೂ ಆಗಬಹುದು. ಅನುವಾದಿಸುವವರು ಒಂದನ್ನು ಆಯ್ದುಕೊಳ್ಳಲೇಬೇಕು. ಮೊದಲನೆಯದನ್ನು ಆಯ್ದರೆ ಪರಿಹಾರ ತರಬೇತಿ. ಎರಡನೆಯದನ್ನು ಆಯ್ದರೆ ಪರಿಹಾರ ಯಂತ್ರದ ದುರಸ್ತಿ. ತಪ್ಪು ಯಾರದು ಎಂಬ ನಿರ್ಣಯ ಹೀಗೆ ಒಂದು ವಿಭಕ್ತಿಯ ಅನುವಾದದಲ್ಲಿ ಆಗಿಹೋಗುತ್ತದೆ. ಆ ಕ್ಷಣದಲ್ಲಿ ಪರದೆಯ ಮೇಲೆ ಏನಿತ್ತು ಎಂಬುದನ್ನು ನೋಡಿ ಬರೆದುಕೊಂಡಿದ್ದರೆ ಮಾತ್ರ ಈ ಸಂದಿಗ್ಧ ಬಿಡಿಸುತ್ತದೆ.

ಮೂರನೆಯದಾಗಿ, ಜ್ಞಾನದ ಮೂಲವನ್ನು ಸೂಚಿಸುವ ರೂಪಗಳು. 'ಆಧಾರ್ ಜೋಡಿಸಬೇಕು' ಎನ್ನುವುದಕ್ಕೂ 'ಆಧಾರ್ ಜೋಡಿಸಬೇಕಂತೆ' ಎನ್ನುವುದಕ್ಕೂ ಅಂತರವಿದೆ. ಎರಡನೆಯದು ಕೇಳಿ ತಿಳಿದ ಮಾತು. ಆ 'ಅಂತೆ'ಯನ್ನು ಹಿಡಿದು 'ಯಾರು ಹೇಳಿದರು?' ಎಂದು ಕೇಳಿದರೆ ಇಲಾಖೆಯ ಪ್ರಕಟಣೆ ತಲಪದ ಕಡೆ ನೆರೆಯವರು, ಅಂಗಡಿಯವರು, ಬಸ್ಸಿನ ಸಹಪ್ರಯಾಣಿಕರು ಮಾಹಿತಿಯ ವಾಹಕರಾಗಿರುವುದು ಗೋಚರಿಸುತ್ತದೆ.

ನಾಲ್ಕನೆಯದಾಗಿ, ಸಮ್ಮತಿಯಂತೆ ಕೇಳಿಸುವ ಅಸಮ್ಮತಿ. 'ನೋಡೋಣ', 'ಆಗಬಹುದು', 'ಪರವಾಗಿಲ್ಲ', 'ಒಳ್ಳೇದೇ' ಎಂಬ ಮಾತುಗಳು ಹಲವು ಸಲ ಮುಖಕ್ಕೆ ಹೊಡೆದಂತೆ ಇಲ್ಲವೆನ್ನದೆ ಹಿಂದೆ ಸರಿಯುವ ಮಾರ್ಗಗಳು. 'ಹೂಂ' ಎಂಬುದಂತೂ ಒಪ್ಪಿಗೆಯೇ ಅಲ್ಲದಿರಬಹುದು. ಜನಪದ ಕತೆಗಾರರ ಮುಂದೆ ಹೂಂಗುಟ್ಟುವವರಿರುತ್ತಾರೆ. ಕೇಳುತ್ತಿದ್ದೇನೆ, ಮುಂದೆ ಹೇಳು ಎಂಬುದಷ್ಟೇ ಆ ಹೂಂಕಾರದ ಅರ್ಥ. ಸಂದರ್ಶನದಲ್ಲಿ ಬಂದ ಇಂತಹ 'ಹೂಂ'ಗಳನ್ನೆಲ್ಲ 'ಹೌದು' ಎಂದು ಎಣಿಸಿದರೆ, ಮೇಲೆ ಹೇಳಿದ 2012ರ ಅಧ್ಯಯನವು ಎಚ್ಚರಿಸಿದ ದೋಷ ಇನ್ನಷ್ಟು ಬಲಿಯುತ್ತದೆ.

7. ಮಿತಿಗಳು ಮತ್ತು ನೈತಿಕ ಪ್ರಶ್ನೆಗಳು

ಬಳಕೆದಾರರನ್ನು ಅರಿಯುವುದು ತನ್ನಷ್ಟಕ್ಕೆ ತಾನೇ ಸತ್ಕಾರ್ಯವಲ್ಲ. ಜನ ಎಲ್ಲಿ ಎಡವುತ್ತಾರೆ ಎಂಬುದನ್ನು ತಿಳಿದವರು ಆ ಎಡವನ್ನು ತೆಗೆಯಲೂಬಹುದು, ಬೇಕಾದಲ್ಲಿ ಎಡವುವಂತೆ ಮಾಡಲೂಬಹುದು. ಬೇಡದ ವಿಮೆಯನ್ನು ಮೊದಲೇ ಗುರುತು ಹಾಕಿಟ್ಟಿರುವುದು, ಚಂದಾ ರದ್ದುಪಡಿಸುವ ದಾರಿಯನ್ನು ಮರೆಮಾಡುವುದು ಇಂತಹ ವಿನ್ಯಾಸಗಳೂ ಮನುಷ್ಯಸ್ವಭಾವದ ಅರಿವಿನಿಂದಲೇ ಹುಟ್ಟುತ್ತವೆ. ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂತಹ 13 ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸಿದೆ.

ಇನ್ನೊಂದು ಮಿತಿ ಬಳಕೆದಾರರ ಚಿತ್ರಣಕ್ಕೆ ಸಂಬಂಧಿಸಿದ್ದು. ಅಲನ್ ಕೂಪರ್ 1990ರ ದಶಕದ ಕೊನೆಯಲ್ಲಿ ಪ್ರಚಾರಕ್ಕೆ ತಂದ ವಿಧಾನದಂತೆ, ಕ್ಷೇತ್ರದ ಮಾಹಿತಿಯಿಂದ ಒಂದೆರಡು ಕಾಲ್ಪನಿಕ ವ್ಯಕ್ತಿಗಳನ್ನು ಕಟ್ಟಿ, ಅವರಿಗೆ ಹೆಸರು, ವಯಸ್ಸು, ಕುಟುಂಬ ಕೊಟ್ಟು ವಿನ್ಯಾಸಕಾರರ ಮುಂದೆ ಇಡಲಾಗುತ್ತದೆ. ಬಳಕೆದಾರರನ್ನು ಕಂಡೇ ಇರದ ತಂತ್ರಜ್ಞರಿಗೆ ಇದು ಉಪಯುಕ್ತ. ಆದರೆ ಕ್ಷೇತ್ರದ ಆಧಾರ ತೆಳುವಾದಾಗ ಈ ಪಾತ್ರಗಳು ನಮ್ಮ ಅಗ್ಗದ ಕಾದಂಬರಿಗಳ 'ಮುಗ್ಧ ಹಳ್ಳಿಗ'ನಂತೆ ಸಿದ್ಧ ಅಚ್ಚುಗಳಾಗಿಬಿಡುತ್ತವೆ. ಜಾತಿ, ಲಿಂಗ, ಫೋನಿನ ಒಡೆತನ ಯಾರದು ಎಂಬ ಪ್ರಶ್ನೆಗಳು ಈ ನಯವಾದ ಚಿತ್ರದಲ್ಲಿ ಮೊದಲು ಅಳಿಸಿಹೋಗುತ್ತವೆ.

ಸಮ್ಮತಿಯ ಪ್ರಶ್ನೆಯೂ ಸರಳವಲ್ಲ. ಸಂದರ್ಶಕರನ್ನು ಸರ್ಕಾರದ ಕಡೆಯವರೆಂದು ತಿಳಿದ ವೃದ್ಧೆಗೆ ಬೇಡವೆನ್ನುವ ಸ್ವಾತಂತ್ರ್ಯ ನಿಜವಾಗಿ ಇರುತ್ತದೆಯೇ? ಮಾತಾಡದಿದ್ದರೆ ಪಿಂಚಣಿ ನಿಂತೀತೆಂಬ ಅಳುಕಿರುವಲ್ಲಿ ಸಹಿ ಮಾಡಿಸಿಕೊಂಡ ಒಪ್ಪಿಗೆಪತ್ರಕ್ಕೆ ಬೆಲೆಯಿಲ್ಲ. ತಾವು ಯಾರು, ಯಾರಿಂದ ಸಂಬಳ ಪಡೆಯುತ್ತೇವೆ, ಈ ಮಾತು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅವರ ಆಡುಮಾತಿನಲ್ಲೇ ತಿಳಿಸುವುದು ಸಂಶೋಧಕರ ಮೊದಲ ಹೊಣೆ.

8. ಸಮಾರೋಪ

ಬಳಕೆದಾರ ಅನುಭವ ಸಂಶೋಧನೆಯು ಎರಡು ಕಡೆಯ ಅರಿವನ್ನು ಬಯಸುತ್ತದೆ. ಕ್ಲೈಂಟ್ ಸಂಸ್ಥೆಯ ಪ್ರಶ್ನೆಯೊಳಗೆ ಅಡಗಿರುವ ಊಹೆಗಳನ್ನು ಹೊರತೆಗೆಯುವುದು ಒಂದು. ಬಳಕೆದಾರರ ಮಾತು, ಕ್ರಿಯೆ, ಸಂದರ್ಭಗಳನ್ನು ಒಟ್ಟಿಗೆ ಓದುವುದು ಇನ್ನೊಂದು. ಈ ಎರಡರ ನಡುವಿನ ಸೇತುವೆ ಭಾಷೆ. ಆ ಸೇತುವೆಯ ಮೇಲೆ ಏನೇನು ಉದುರಿಹೋಗುತ್ತಿದೆ ಎಂಬುದನ್ನು ಗುರುತಿಸಬಲ್ಲ ತರಬೇತಿ ವ್ಯಾಕರಣ, ಉಪಭಾಷಾ ಅಧ್ಯಯನ ಮತ್ತು ಜಾನಪದ ಕ್ಷೇತ್ರಕಾರ್ಯಗಳನ್ನು ಕಲಿಸುವ ಕನ್ನಡ ವಿಭಾಗಗಳಲ್ಲಿದೆ.

ಇಲ್ಲಿ ಆಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಸಂದರ್ಶನಗಳ ಕನ್ನಡ ಪಠ್ಯವನ್ನು ಅನುವಾದದ ಜೊತೆಗೇ ಉಳಿಸಿಕೊಳ್ಳುವ ಪದ್ಧತಿ ರೂಢಿಗೆ ಬರಬೇಕು. ಸೇವೆಗಳನ್ನು ಬಳಸುವ ಬಗ್ಗೆ ಜನ ಆಡುವ ಮಾತಿನ ಕ್ರಿಯಾರೂಪಗಳನ್ನು ಪ್ರದೇಶವಾರು ಸಂಗ್ರಹಿಸಿ ವಿಶ್ಲೇಷಿಸಬೇಕು. ಇಂಗ್ಲಿಷಿನಿಂದ ನೇರವಾಗಿ ಇಳಿಸಿದ ಪರದೆಯ ಕನ್ನಡವನ್ನು ನಿಜವಾದ ಬಳಕೆದಾರರ ಮುಂದಿಟ್ಟು ಪರೀಕ್ಷಿಸಬೇಕು. ಇವು ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳಿಗೂ ನಿಲುಕುವ ವಿಷಯಗಳು. 'ಅರ್ಜಿ ಹಾಕಿಸಿದೆ' ಎಂದು ಹೇಳಿದವರ ಮಾತು ವರದಿಯಲ್ಲಿ 'ಅರ್ಜಿ ಹಾಕಿದೆ' ಎಂದಾದರೆ, ಹಾಕಿಸಲು ಅವರು ತೆತ್ತ ಬೆಲೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದನ್ನು ಲೆಕ್ಕಕ್ಕೆ ತರುವುದು ಭಾಷಾ ಅಧ್ಯಯನದ ಕೆಲಸವೇ ಹೌದು.